ಗಿಟಾರ್ ಟಾಪು, ಬ್ಯಾಕು ಜೋಡಿಸೋದು ಹೇಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ತುಮಕೂರಲ್ಲಿ ಮನೆ ಹಿಂದಿನ ಶೀಟ್ ಶೆಡ್ಡಲ್ಲಿ ಅಕೂಸ್ಟಿಕ್ ಗಿಟಾರ್ ಮಾಡ್ತೀನಿ. ಅಪ್ಪ ಬಾಗಿಲು ಕಿಟಕಿ ಮಾಡೋ ಆಚಾರ್ರು, ಹತ್ರಿ ಹಿಡಿಯೋದು ಕಲಿತಿದ್ದು ಅವರ ಹತ್ರಾನೇ. ಫೋನ್ ಮಾಡೋರು, ಶೆಡ್ಡಿಗೆ ಬರೋರು ಬ್ರೇಸಿಂಗು (ಒಳಗಡೆ ಆಧಾರಕ್ಕೆ ಅಂಟಿಸೋ ಮರದ ಪಟ್ಟಿಗಳು), ನೆಕ್ಕು (ಗಿಟಾರಿನ ಕತ್ತು) ಅಂತ ಎಷ್ಟೋ ಕೇಳ್ತಾರೆ, ಆದ್ರೆ ಅದಕ್ಕೆಲ್ಲ ಮುಂಚೆ ಬರೋ, ಟಾಪಿಗೆ (ಮುಂದಿನ ಮುಖ), ಬ್ಯಾಕಿಗೆ (ಹಿಂದಿನ ಮುಖ) ಎರಡೆರಡು ಹಲಗೆ ಜೋಡಿಸೋ ಕೆಲಸದಲ್ಲೇ ಮುಕ್ಕಾಲು ಜನ ಸಿಕ್ಕಾಕೊಂಡಿರ್ತಾರೆ, ಅದಕ್ಕೇ ಇದೊಂದನ್ನ ಪೂರ್ತಿ ಬರೆದಿಡ್ತಾ ಇದ್ದೀನಿ.

ಎರಡು ಹಲಗೆ ಯಾಕೆ ಜೋಡಿಸ್ಬೇಕು, ಅಗಲವಾದ ಒಂದೇ ಹಲಗೆ ಹಾಕಿದ್ರೆ ಆಗಲ್ವಾ?

ಡ್ರೆಡ್‌ನಾಟ್ ಅನ್ನೋ ದೊಡ್ಡ ಮೈಯ ಗಿಟಾರ್ ಕೆಳಗಿನ ಹೊಟ್ಟೆ ಹತ್ರಹತ್ರ 400 ಮಿಲಿಮೀಟರ್ ಅಗಲ ಇರುತ್ತೆ. ಟಾಪಿಗೆ ಬೇಕಾಗಿರೋದು ಕ್ವಾರ್ಟರ್ ಸಾನ್ ಹಲಗೆ, ಅಂದ್ರೆ ಕಡೆ ಅಂಚಲ್ಲಿ ನೋಡಿದ್ರೆ ಗೆರೆಗಳು ನೆಟ್ಟಗೆ ನಿಂತಿರ್ಬೇಕು. ಹಂಗೆ ಕೊಯ್ದಾಗ ಮರದ ತಿರುಳಿಂದ ತೊಗಟೆವರೆಗೆ ಎಷ್ಟು ದೂರಾನೋ ಅಷ್ಟೇ ಅಗಲ ಸಿಗೋದು, ಒಂದೇ ಹಲಗೆಲಿ 400 ಬೇಕು ಅಂದ್ರೆ ಒಂದು ಮೀಟರ್ ಹತ್ರ ದಪ್ಪ ಇರೋ ಮರ ಬೇಕು. ಅದಕ್ಕೇ 200-210 ಅಗಲದ ಒಂದು ದಪ್ಪ ಹಲಗೆ ತಗೊಂಡು ದಪ್ಪದಲ್ಲಿ ಎರಡಾಗಿ ಸೀಳಿ, ಪುಸ್ತಕ ಬಿಚ್ಚಿದಂಗೆ ಬಿಚ್ಚೋದು. ಇದಕ್ಕೆ ಬುಕ್‌ಮ್ಯಾಚ್ ಅಂತಾರೆ. ಎಡಕ್ಕಿರೋ ಗೆರೆ ಬಲಕ್ಕೂ ಕನ್ನಡೀಲಿ ಕಂಡಂಗೆ ಬರುತ್ತೆ. ನೋಡಕ್ಕೂ ಚೆನ್ನ, ಜತೆಗೆ ಎರಡೂ ಕಡೆ ಬಿಗಿ ಒಂದೇ ಥರ ಇರುತ್ತೆ, ಹವಾಮಾನಕ್ಕೆ ಎರಡೂ ಒಂದೇ ಥರ ಹಿಗ್ಗಿ ಕುಗ್ಗುತ್ತೆ.

ಯಾವ ಅಂಚು ಮಧ್ಯಕ್ಕೆ ಬರ್ಬೇಕು?

ಸಾಮಾನ್ಯವಾಗಿ ಗೆರೆ ಒತ್ತೊತ್ತಾಗಿರೋ ಅಂಚು ಮಧ್ಯಕ್ಕೆ, ಬಿಡಿಬಿಡಿಯಾಗಿರೋದು ಹೊರಕ್ಕೆ. ಆದ್ರೆ ಅದಕ್ಕಿಂತ ಮುಖ್ಯ, ಜಾಯಿಂಟು ಗೆರೆಗೆ ಸಮಾನಾಂತರ ಇರ್ಬೇಕು. ಸಾಮಿಲ್‌ನೋರು ಕೊಯ್ದು ಕೊಟ್ಟ ಅಂಚೇ ಸರಿ ಅಂದ್ಕೋಬೇಡಿ, ಒಂದು ಗೆರೆ ಹಿಡ್ಕೊಂಡು ಪೆನ್ಸಿಲಲ್ಲಿ ಮಾರ್ಕ್ ಹಾಕಿ ಮೊದ್ಲು ಅಷ್ಟಕ್ಕೆ ಕತ್ತರಿಸಿ. ಇಲ್ಲಾಂದ್ರೆ ಮಧ್ಯದಿಂದ ಗೆರೆಗಳು ಬಾಣದ ತುದಿ ಥರ ಓರೆಯಾಗಿ ಹೊರಡುತ್ತೆ, ಪಾಲಿಶ್ ಆದ್ಮೇಲೆ ಅದೊಂದೇ ಕಣ್ಣಿಗೆ ಕಾಣೋದು.

ಟಾಪ್ ಜೋಡಿಸಿದ್ಮೇಲೆ ಒಂದ್ ಕಡೆ ಬೆಳ್ಳಗೆ, ಇನ್ನೊಂದ್ ಕಡೆ ಕಪ್ಪಗೆ ಕಾಣುತ್ತೆ, ತಿರುಗಿಸಿದ್ರೆ ಉಲ್ಟಾ ಆಗುತ್ತೆ. ಬೇರೆ ಬೇರೆ ಮರ ಕೊಟ್ಟು ಮೋಸ ಮಾಡಿದ್ರಾ?

ಮೋಸ ಅಲ್ಲ. ಅದು ರನ್‌ಔಟ್. ಮರದ ನಾರು ಹಲಗೆ ಮೇಲ್ಮೈಗೆ ಸಮವಾಗಿ ಓಡದೆ ಓರೆಯಾಗಿ ಮೇಲೆದ್ದು ಬಂದಿರುತ್ತೆ, ಪುಸ್ತಕದಂಗೆ ಬಿಚ್ಚಿದಾಗ ಒಂದು ಅರ್ಧದಲ್ಲಿ ನಾರಿನ ತುದಿ ನಿಮ್ ಕಡೆ ನೋಡ್ತಾ ಇದ್ರೆ ಇನ್ನೊಂದರಲ್ಲಿ ಆ ಕಡೆ ನೋಡುತ್ತೆ, ಬೆಳಕು ಬೇರೆ ಬೇರೆ ಥರ ವಾಪಸ್ ಬರುತ್ತೆ. ಸ್ವಲ್ಪ ಇದ್ರೆ ತೊಂದ್ರೆ ಇಲ್ಲ. ತುಂಬಾ ಇದ್ರೆ ಬ್ರಿಡ್ಜ್ (ಟಾಪ್ ಮೇಲೆ ತಂತಿ ಸಿಕ್ಕಿಸೋ ಮರದ ಪಟ್ಟಿ) ಹತ್ರ ಮರದ ಶಕ್ತಿ ಕಮ್ಮಿ, ಅಂಥದ್ದನ್ನ ನಾನು ಟಾಪಿಗೆ ಹಾಕಲ್ಲ.

ನಮ್ ಕಡೆ ಸಿಗೋ ಮರದಲ್ಲಿ ಮಾಡ್ಬೋದಾ ಅಣ್ಣ? ಸ್ಪ್ರೂಸ್ ತುಂಬಾ ದುಬಾರಿ.

ಟಾಪಿಗೆ ಸ್ಪ್ರೂಸ್ ಅಥವಾ ಸೀಡರ್ (ಎರಡೂ ಚಳಿ ದೇಶದ ಪೈನ್ ಥರದ ಮರ) ತಗೊಳ್ಳಿ, ಅದೊಂದಕ್ಕೆ ದುಡ್ಡು ಹಾಕಿ. ಅಷ್ಟು ಹಗುರಾಗಿ ಇದ್ದೂ ಉದ್ದಕ್ಕೆ ಅಷ್ಟು ಬಿಗಿ ಇರೋ ಮರ ನಮ್ ಬಯಲುಸೀಮೇಲಿ ಬೆಳೆಯಲ್ಲ.

ಬ್ಯಾಕು, ಸೈಡಿಗೆ ಮಾತ್ರ ಧಾರಾಳವಾಗಿ ನಮ್ ಮರ ಬಳಸ್ಬೋದು. ನನಗೆ ಇಷ್ಟ ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರು ಸಿದ್ದು ಅನ್ನೋ ತಳಿಯ ಹಲಸಿನ ಹಣ್ಣಿಗೆ ಹೆಸರುವಾಸಿ ಆಯ್ತು, ಆದ್ರೆ ಹಲಸಿನ ಮರಕ್ಕೆ ವಾದ್ಯದ ಸಂಬಂಧ ಅದಕ್ಕಿಂತ ಎಷ್ಟೋ ಹಳೇದು, ವೀಣೆ ಆಗೋದು ಹಲಸಲ್ಲೇ, ಮೃದಂಗಾನೂ ಹಲಸಲ್ಲೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಈಗ್ಲೂ ಹಲಸಲ್ಲಿ ವೀಣೆ ಮಾಡ್ತಾರೆ. ಹಳದಿ ಬಣ್ಣ, ಬರ್ತಾ ಬರ್ತಾ ಕಂದು ಜೇನಿನ ಬಣ್ಣಕ್ಕೆ ತಿರುಗುತ್ತೆ, ಅಂಟು ಚೆನ್ನಾಗಿ ಹಿಡಿಯುತ್ತೆ. ಒಂದೇ ಕಷ್ಟ, ನಾರು ಒಂದ್ಕೊಂದು ಹೆಣೆದುಕೊಂಡಿರುತ್ತೆ, ಹತ್ರಿ ಹಾಕಿದ್ರೆ ಅಲ್ಲಲ್ಲಿ ಕಿತ್ತು ಬರುತ್ತೆ, ಅಲಗು ತುಂಬಾ ಚೂಪಾಗಿರ್ಬೇಕು.

ಬೀಟೆ ಮರ ತಗೊಳ್ಳೋದಾದ್ರೆ ಬಿಲ್ಲು, ಅರಣ್ಯ ಇಲಾಖೆ ಪಾಸು ಇಲ್ಲದ ಮರ ಮುಟ್ಟಬೇಡಿ. 2017ರಿಂದ ಬೀಟೆ ಜಾತಿ ಮರಗಳೆಲ್ಲ ಸೈಟೀಸ್ (ಅಪಾಯದಲ್ಲಿರೋ ಗಿಡಮರ, ಪ್ರಾಣಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ, ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯ್ತಿ ಕೊಟ್ರು, ಬರೀ ಹಲಗೆಗೆ ಅದು ಅನ್ವಯ ಆಗಲ್ಲ.

ಬ್ಯಾಕ್ ಮರದ ಬಗ್ಗೆ ತುಂಬಾ ತಲೆ ಕೆಡಿಸ್ಕೊಳ್ಳೋರಿಗೆ ಒಂದು ವಿಷಯ ಹೇಳ್ತೀನಿ. ಸ್ಪೇನಲ್ಲಿ ಗಿಟಾರ್ ಮಾಡ್ತಿದ್ದ ಆಂಟೋನಿಯೋ ದೆ ಟೊರೆಸ್ 1862ರಲ್ಲಿ ಬ್ಯಾಕು ಸೈಡು ಎರಡನ್ನೂ ಕಾಗದ ಅಂಟಿಸಿ ಮಾಡಿದ ರಟ್ಟಲ್ಲಿ ಮಾಡಿ, ಟಾಪ್ ಮಾತ್ರ ಒಳ್ಳೆ ಮರದ್ದು ಹಾಕಿ ಒಂದು ಗಿಟಾರ್ ಮಾಡಿದ. ಸ್ವರ ಹುಟ್ಟೋದು ಮುಖ್ಯವಾಗಿ ಟಾಪಲ್ಲಿ ಅಂತ ತೋರಿಸೋಕೇ ಮಾಡಿದ್ದು ಅದು.

ವರ್ಷದಲ್ಲಿ ಯಾವಾಗ ಜೋಡಿಸೋದು ಒಳ್ಳೇದು?

ಇದನ್ನ ಕೇಳೋರು ಕಮ್ಮಿ, ಎಲ್ರೂ ಕೇಳ್ಬೇಕಾದ ಪ್ರಶ್ನೆ.

ನಮ್ ಶೆಡ್ಡಲ್ಲಿ ಗಾಳಿಯ ತೇವ ಅಳೆಯೋ ಹ್ಯುಮಿಡಿಟಿ ಮೀಟರ್ ಮಾರ್ಚ್ ಮಧ್ಯಾಹ್ನ 30ಕ್ಕಿಂತ ಕೆಳಗೂ ಇಳಿಯುತ್ತೆ, ಆಗಸ್ಟ್ ಸೆಪ್ಟೆಂಬರಲ್ಲಿ ಬೆಳಗ್ಗೆ 80 ದಾಟುತ್ತೆ. ಕೋಲಾರ, ಚಿಕ್ಕಬಳ್ಳಾಪುರದ ಗೆಳೆಯರ ಶೆಡ್ಡಲ್ಲೂ ಕಥೆ ಇದೇ. ಮರ ನಾರಿನ ಉದ್ದಕ್ಕೆ ಹಿಗ್ಗೋದು ಲೆಕ್ಕಕ್ಕಿಲ್ಲ, ಅಗಲಕ್ಕೆ ಹಿಗ್ಗುತ್ತೆ. ಕ್ವಾರ್ಟರ್ ಸಾನ್ ಮಾಡಿದ ಸಿಟ್ಕಾ ಅನ್ನೋ ಜಾತಿ ಸ್ಪ್ರೂಸಲ್ಲಿ ಮರದ ತೇವ ಒಂದು ಪರ್ಸೆಂಟ್ ಬದಲಾದ್ರೆ ಅಗಲ ಸುಮಾರು 0.15 ಪರ್ಸೆಂಟ್ ಬದಲಾಗುತ್ತೆ. 400 ಮಿಲಿಮೀಟರ್ ಟಾಪಲ್ಲಿ ತೇವ ನಾಲ್ಕು ಪರ್ಸೆಂಟ್ ಇಳಿದ್ರೆ ಎರಡೂವರೆ ಮಿಲಿಮೀಟರ್ ಹತ್ರ ಕುಗ್ಗುತ್ತೆ. ಮಳೆಗಾಲದಿಂದ ಬೇಸಿಗೆಗೆ ಹೋಗೋವಾಗ ಇದರ ಡಬಲ್ಲೂ ಆಗ್ಬೋದು. ಟಾಪ್ ಸುಮ್ನೆ ಗೋಡೆಗೆ ಒರಗಿಸಿಟ್ಟಿದ್ರೆ ಕುಗ್ಗಲಿ ಬಿಡಿ, ಏನೂ ಆಗಲ್ಲ. ಆದ್ರೆ ಗಿಟಾರ್ ಆದ್ಮೇಲೆ ಸುತ್ತ ಸೈಡಿಗೆ ಅಂಟಿರುತ್ತೆ, ಹಿಂದೆ ಬ್ರೇಸು ಅಡ್ಡಕ್ಕೆ ಹಿಡ್ಕೊಂಡಿರುತ್ತೆ, ಕುಗ್ಗೋಕೆ ಜಾಗ ಇಲ್ಲ, ಆಗ ಎಲ್ಲಿ ಸೋತಿರುತ್ತೋ ಅಲ್ಲಿ ಬಿಡುತ್ತೆ.

ನನ್ನ ಎರಡನೇ ಗಿಟಾರಿನ ಟಾಪ್ ಆಗಸ್ಟಲ್ಲಿ ಜೋಡಿಸಿದ್ದು, ಹೊರಗೆ ಜಿಟಿಜಿಟಿ ಮಳೆ, ಮೀಟರ್ ಅಂತ ಒಂದು ಇರುತ್ತೆ ಅಂತಾನೇ ನನಗೆ ಆಗ ಗೊತ್ತಿರಲಿಲ್ಲ, ಅಂಚಲ್ಲಿ ಒಂದ್ ಕಡೆ ಸಣ್ಣ ಬೆಳಕು ಬರ್ತಿತ್ತು, ಅಂಟು ತುಂಬ್ಕೊಳುತ್ತೆ ಬಿಡು ಅಂತ ಬಿಗಿದುಬಿಟ್ಟೆ. ಶಿರಾದ ಹುಡುಗನೊಬ್ಬ ತಗೊಂಡ. ಮಾರ್ಚಲ್ಲಿ ವಾಪಸ್ ತಂದು ಟೇಬಲ್ ಮೇಲಿಟ್ಟ, ಬ್ರಿಡ್ಜ್ ಕೆಳಗಿಂದ ತುದಿವರೆಗೆ ಜಾಯಿಂಟು ಬಿಟ್ಟಿತ್ತು. ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಲ್ಲಿ ತಗೊಂಡಿದ್ದ ಪಾಪ. ಬೇರೆ ಗಿಟಾರ್ ಮಾಡ್ಕೊಟ್ಟೆ, ಆದ್ರೆ ಆವತ್ತು ಅವನ ಮುಖ ನೋಡೋಕಾಗಿರಲಿಲ್ಲ ನಂಗೆ. ಬೆಳಕು ಕಂಡ್ರೆ ಅಂಟು ಮುಟ್ಟಲ್ಲ ಅನ್ನೋದು ಆವತ್ತಿಂದ ನಂಗೆ ನಿಯಮ.

ಹಾಗಾಗಿ, ಮೀಟರ್ 40ರಿಂದ 50ರ ಒಳಗೆ ಇರೋ ದಿನ ಜೋಡಿಸಿ, ಬ್ರೇಸ್ ಅಂಟಿಸೋದಂತೂ 45ರ ಆಸುಪಾಸಲ್ಲೇ ಮಾಡಿ. ನಮ್ ಕಡೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹನ್ನೊಂದು ಗಂಟೆ ಮೇಲೆ ಇಂಥ ದಿನ ಬೇಕಾದಷ್ಟು ಸಿಗುತ್ತೆ. ಮಳೆಗಾಲದಲ್ಲೇ ಮಾಡ್ಬೇಕು ಅಂದ್ರೆ ಒಂದು ಹಳೇ ಬೀರು ಒಳಗೆ ಸಣ್ಣ ಬಲ್ಬ್ ಹಾಕಿ ಹಲಗೆಗಳನ್ನ ಒಂದೆರಡು ವಾರ ಇಟ್ಟು, ಮೀಟರೂ ಒಳಗೇ ಇಟ್ಟು ನೋಡ್ತಾ ಇರಿ.

ಆ ಮೀಟರ್ ಸರಿಯಾಗಿ ತೋರಿಸ್ತಿದೆ ಅಂತ ಹೇಗೆ ಗೊತ್ತಾಗೋದು? ಮುನ್ನೂರು ರೂಪಾಯಿದು.

ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ನೀರಾಗದಂಗೆ ಒದ್ದೆ ಮಣ್ಣಿನ ಹದಕ್ಕೆ ನಾಲ್ಕು ಹನಿ ನೀರು ಬಿಡಿ. ಮೀಟರ್ ಜತೆ ಒಂದು ಡಬ್ಬಿಲಿ ಗಾಳಿ ಆಡದಂಗೆ ಮುಚ್ಚಿ ಒಂದು ದಿನ ಬಿಡಿ. 75 ತೋರಿಸ್ಬೇಕು. 81 ತೋರಿಸಿದ್ರೆ ನಿಮ್ ಮೀಟರ್ ಆರು ಜಾಸ್ತಿ ಹೇಳ್ತಿದೆ ಅಂತ ಅದರ ಬೆನ್ನ ಮೇಲೆ ಬರ್ಕೊಳ್ಳಿ.

ಅಂಚು ನೇರ ಮಾಡೋದು ಹೇಗೆ? ಎಷ್ಟು ಹತ್ರಿ ಹಾಕಿದ್ರೂ ಒಂದ್ ಕಡೆ ಸಂದಿ ಬರುತ್ತೆ.

ಬಹಳ ಜನ ಒಂದೊಂದು ಹಲಗೆಗೆ ಬೇರೆ ಬೇರೆ ಹತ್ರಿ ಹಾಕ್ತಾರೆ, ಅಲ್ಲೇ ತೊಂದ್ರೆ ಶುರು. ಎರಡನ್ನೂ ಪುಸ್ತಕ ಮುಚ್ಚಿದಂಗೆ ಒಂದರ ಮೇಲೊಂದು ಇಡಿ, ಸೀಳಿದ ಮುಖಗಳು ಒಳಗಡೆ, ಎರಡರ ಅಂಚನ್ನೂ ಒಟ್ಟಿಗೇ ತೆಗೀರಿ. ಆಗ ಹತ್ರಿ ಒಂಚೂರು ವಾಲಿದ್ರೂ ಒಂದು ಅಂಚು 91 ಡಿಗ್ರಿ ಆದ್ರೆ ಇನ್ನೊಂದು ತಾನೇ 89 ಆಗಿರುತ್ತೆ, ಬಿಚ್ಚಿ ಇಟ್ಟಾಗ ಎರಡೂ ಸೇರಿ 180, ಹಲಗೆ ಸಪಾಟಾಗಿ ಕೂರುತ್ತೆ. ಇನ್ನೊಂದು ಲಾಭ, ಕೊಯ್ಯೋ ಮುಂಚೆ ಹೆಂಗಿತ್ತೋ ಹಂಗೇ ಇಟ್ಟಿರ್ತೀವಲ್ಲ, ಎರಡರ ನಾರೂ ಒಂದೇ ದಿಕ್ಕಿಗಿರುತ್ತೆ, ಕಿತ್ತು ಬರಲ್ಲ.

ಆದ್ರೆ ಹುಷಾರು, ವಾಲಿದ ತಪ್ಪು ಹಿಂಗೆ ಮುಚ್ಚೋಗುತ್ತೆ, ಉದ್ದದ ತಪ್ಪು ಮುಚ್ಚೋಗಲ್ಲ, ಡಬಲ್ ಆಗುತ್ತೆ. ಮಧ್ಯದಲ್ಲಿ ಕೂದಲೆಳೆಯಷ್ಟು ಉಬ್ಬಿದ್ರೆ ಬಿಚ್ಚಿಟ್ಟಾಗ ಎರಡು ಉಬ್ಬು ಎದುರಾಬದರಾ ಬಂದು ತುದಿಗಳಲ್ಲಿ ಎರಡು ಕೂದಲೆಳೆ ಸಂದಿ.

ಹತ್ರಿ ನೆಲದ ಮೇಲೆ ಪಕ್ಕಕ್ಕೆ ಮಲಗಿಸಿ ಓಡಿಸೋಕೆ ಒಂದು ಶೂಟಿಂಗ್ ಬೋರ್ಡ್ ಮಾಡ್ಕೊಳ್ಳಿ. ಕೆಳಗೆ 18 ಎಂಎಂ ಪ್ಲೈವುಡ್, ಅದರ ಮೇಲೆ ಇನ್ನೊಂದು ಕಿರಿದಾದ ಪ್ಲೈವುಡ್, ಮೆಟ್ಟಿಲಂಗೆ. ಹಲಗೆ ಮೇಲಿನ ಮೆಟ್ಟಿಲ ಮೇಲೆ ಅಂಚು ಎರಡು ಮಿಲಿಮೀಟರ್ ಆಚೆ ಬರೋ ಥರ, ಹತ್ರಿ ಕೆಳಗಿನ ಮೆಟ್ಟಿಲಲ್ಲಿ. ಉದ್ದ ಹತ್ರಿ ಇದ್ದಷ್ಟೂ ಒಳ್ಳೇದು, ಗಿಡ್ಡದ್ದು ಉಬ್ಬು ತಗ್ಗನ್ನೇ ಹಿಡ್ಕೊಂಡು ಹೋಗುತ್ತೆ. ಅಪ್ಪನ ಹಳೇ ಮರದ ಹತ್ರಿಲೇ ನಾನು ಶುರು ಮಾಡಿದ್ದು, ಅದರ ತಳ ಸವೆದು ಡೊಂಕಾಗಿತ್ತು, ಗ್ರಾನೈಟ್ ಕಲ್ಲಿನ ಮೇಲೆ ಉಪ್ಪುಕಾಗದ ಅಂಟಿಸಿ ತಳ ಉಜ್ಜಿ ಸಪಾಟ್ ಮಾಡ್ಕೊಂಡೆ. ಅಡುಗೆಮನೆ ಕಟ್ಟೆಗೆ ಹಾಕೋ ಗ್ರಾನೈಟಿನ ತುಂಡು ನಮ್ ಕಡೆ ಕಲ್ಲಿನ ಅಂಗಡೀಲಿ ಸುಲಭಕ್ಕೆ ಸಿಗುತ್ತೆ, ಅದಕ್ಕಿಂತ ಕಮ್ಮಿ ದುಡ್ಡಿಗೆ ಅಷ್ಟು ಸಪಾಟಾದ ಜಾಗ ಇನ್ನೊಂದಿಲ್ಲ. ಕೊಳ್ಳೋ ಮುಂಚೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ನೋಡ್ಕೊಳ್ಳಿ ಅಷ್ಟೇ.

ಕೊನೇ ಎರಡ್ಮೂರು ಸಲ ಅಲಗು ಆದಷ್ಟು ಒಳಗೆ ಎಳ್ಕೊಂಡು, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಸುರುಳಿ ಈ ತುದಿಯಿಂದ ಆ ತುದಿವರೆಗೆ ಹರಿಯದೆ ಬರ್ಬೇಕು. ಹಂಗೆ ಬಂದ್ರೆ ಕೆಲಸ ಮುಕ್ಕಾಲು ಮುಗೀತು.

ಹತ್ರಿ ಬರಲ್ಲ ನಂಗೆ. ಬರೀ ಉಪ್ಪುಕಾಗದದಲ್ಲಿ ಮಾಡ್ಬೋದಾ?

ಮಾಡ್ಬೋದು, ಎಷ್ಟೋ ಜನ ಹಂಗೇ ಮಾಡ್ತಾರೆ. ಗಾರೆ ಕೆಲಸದೋರ ಅಲ್ಯೂಮಿನಿಯಂ ಲೆವೆಲ್ಲಿಗೆ, ಎರಡಡಿದು ಬೇಕು, 120 ನಂಬರ್ ಕಾಗದ ಡಬಲ್ ಟೇಪಲ್ಲಿ ಅಂಟಿಸಿ ಅದೇ ಶೂಟಿಂಗ್ ಬೋರ್ಡ್ ಮೇಲೆ ಓಡಿಸಿ, ಆಮೇಲೆ 180. ಕೈ ಭಾರ ತುದಿಲಿ ಜಾಸ್ತಿ ಬೀಳುತ್ತೆ, ತುದಿ ಸವೀತಾ ಹೋಗುತ್ತೆ, ಅದನ್ನ ನೋಡ್ಕೋಬೇಕು. ಕಾಗದ ಹಾಕಿದ್ಮೇಲೆ ಅಂಚಿನ ಧೂಳನ್ನ ಬ್ರಷ್‌ಲ್ಲಿ ಪೂರ್ತಿ ಹೊಡೀರಿ. ನನ್ನ ಕೇಳಿದ್ರೆ, ಅಲಗು ಬಿಟ್ಟ ಅಂಚು ಗಾಜಿನಂಗಿರುತ್ತೆ, ಜಾಯಿಂಟಿನ ಗೆರೆ ಕಾಣೋದೇ ಇಲ್ಲ, ಅದಕ್ಕೇ ಹತ್ರಿ ಕಲೀರಿ ಅಂತ ಎಲ್ರಿಗೂ ಹೇಳ್ತೀನಿ.

ಸರಿಯಾಗಿ ಕೂತಿದೆ ಅಂತ ಹೇಗೆ ನೋಡೋದು?

ಬೆಳಕಲ್ಲಿ. ಕಿಟಕಿಗೆ ಎದುರಾಗಿ ಎರಡು ಹಲಗೆನೂ ಅಂಚಿಗೆ ಅಂಚು ತಾಗಿಸಿ ಹಿಡೀರಿ, ಅಥವಾ ಕೆಳಗಿಂದ ಟ್ಯೂಬ್‌ಲೈಟ್ ಇಟ್ಟು ಕತ್ತಲಲ್ಲಿ ನೋಡಿ. ಒತ್ತಬಾರದು, ತಾಗಿಸಿರ್ಬೇಕು ಅಷ್ಟೇ. ಒಂದು ಕಡೆನೂ ಬೆಳಕು ತೂರಬಾರದು. ಆಮೇಲೆ ಇನ್ನೊಂದು ಪರೀಕ್ಷೆ, ಒಂದು ಹಲಗೆ ಅಂಚು ಮೇಲಾಗಿ ನಿಲ್ಲಿಸಿ, ಅದರ ಮೇಲೆ ಇನ್ನೊಂದನ್ನ ನಿಲ್ಲಿಸಿ ಮೇಲಿನದನ್ನ ಮೆಲ್ಲಗೆ ತಿರುಗಿಸಿ ನೋಡಿ. ಬುಗುರಿ ಥರ ಮಧ್ಯದಲ್ಲೇ ತಿರುಗಿದ್ರೆ ಮಧ್ಯ ಉಬ್ಬಿದೆ. ಎರಡೂ ತುದಿ ಉಜ್ಜಿಕೊಂಡು ಬಂದ್ರೆ ಸರಿ ಇದೆ, ಇಲ್ಲಾ ಮಧ್ಯ ಸ್ವಲ್ಪ ತಗ್ಗಿದೆ.

ಮೇಜಿನ ಕೆಲಸದಲ್ಲಿ ಬೇಕಂತಲೇ ಮಧ್ಯ ಕೂದಲೆಳೆ ತಗ್ಗಿಸಿ ಕ್ಲಾಂಪಲ್ಲಿ ಎಳೆಯೋ ಪದ್ಧತಿ ಇದೆ. ಇಲ್ಲಿ ಮಾಡ್ಬೇಡಿ. ಇಷ್ಟು ತೆಳು ಹಲಗೆಲಿ ಎಳೆತ ಒಳಗೇ ಉಳ್ಕೊಂಡಿರುತ್ತೆ, ಇದಕ್ಕೆ ಬೇಕಾಗಿರೋದು ಎಳೆಯದೆ ಮುಚ್ಚೋ ಜಾಯಿಂಟು.

ಬೆಳಕು ನಿಂತ ತಕ್ಷಣ ಅಂಟು ಹಾಕಿ. ನಾಳೆ ಮಾಡ್ತೀನಿ ಅಂದ್ರೆ ರಾತ್ರಿ ಮರ ಅಲ್ಲಾಡಿರುತ್ತೆ, ತುದಿಗಳು ಬೇಗ ಒಣಗುತ್ತೆ, ಬೆಳಗ್ಗೆ ಮತ್ತೆ ಮೊದಲಿಂದ.

ಫೆವಿಕಾಲ್ ಸಾಕಾ?

ಅಂಟಿನ ಶಕ್ತಿ ಮಾತ್ರ ನೋಡಿದ್ರೆ ಸಾಕು, ಮರ ಮುರಿಯುತ್ತೆ, ಅಂಟು ಬಿಡಲ್ಲ. ಆದ್ರೆ ಸಾಧಾರಣ ಬಿಳಿ ಪಿವಿಎ ಅಂಟು ಯಾವ ಕಂಪನಿದಾದ್ರೂ ಒಣಗಿದ್ಮೇಲೂ ಒಂಚೂರು ರಬ್ಬರಂಗೆ ಇರುತ್ತೆ, ಬಿಸಿಲಲ್ಲಿ ನಿಂತ ಕಾರೊಳಗೆ ಮೆತ್ತಗಾಗುತ್ತೆ. ಲೈಟ್ ಗೇಜ್ (ತೆಳು) ಸ್ಟೀಲ್ ತಂತಿ ಆರೂ ಸೇರಿ 70 ಕೆಜಿ ಮೇಲೆ ಎಳೀತಾ ಇರುತ್ತೆ, ವರ್ಷಗಟ್ಟಲೆ. ಹಾಗಾಗಿ ಅಭ್ಯಾಸದ ತುಂಡುಗಳಿಗೆ ಫೆವಿಕಾಲ್, ಗಿಟಾರಿಗೆ ಟೈಟ್‌ಬಾಂಡ್ ಒರಿಜಿನಲ್ ಥರದ ಹಳದಿ ಅಂಟು, ಒಣಗಿದ್ಮೇಲೆ ಗಟ್ಟಿ, ಉಪ್ಪುಕಾಗದಕ್ಕೆ ಪುಡಿಯಾಗಿ ಬರುತ್ತೆ.

ಎಲ್ಲಕ್ಕಿಂತ ಒಳ್ಳೇದು ತೊಗಲಿನ ಅಂಟು, ಹಳೇ ಆಚಾರ್ರು ವಜ್ರ ಅಂತಿದ್ರಲ್ಲ ಅದೇ. ನೀರಲ್ಲಿ ನೆನೆಸಿ 60 ಡಿಗ್ರಿಲಿ ಬಿಸಿ ಇಟ್ಕೊಂಡು ಹಚ್ಚೋದು. ಗಾಜಿನಂಗೆ ಗಟ್ಟಿಯಾಗುತ್ತೆ, ನಾಳೆ ರಿಪೇರಿಗೆ ಬಂದ್ರೆ ಬಿಸಿ ನೀರು ಕೊಟ್ಟು ಬಿಚ್ಬೋದು. ಆದ್ರೆ ಹಚ್ಚಿದ ಅರ್ಧ ನಿಮಿಷ, ಹೆಚ್ಚಂದ್ರೆ ಒಂದು ನಿಮಿಷದಲ್ಲಿ ಗಟ್ಟಿಯಾಗೋಕೆ ಶುರು, ಹಲಗೆ ಮೊದ್ಲೇ ಬಿಸಿ ಮಾಡಿ ಇಟ್ಕೋಬೇಕು. ಮೊದಲನೇ ಗಿಟಾರಿಗೆ ಬೇಡ.

ಕ್ಲಾಂಪ್ ಯಾವುದು ತಗೋಬೇಕು?

ಏನೂ ತಗೋಬೇಡಿ ಕಣ್ರೀ. ಹಗ್ಗ, ಬೆಣೆ ಸಾಕು. ಸ್ಪೇನಲ್ಲಿ ಗಿಟಾರ್ ಮಾಡೋರು ತಲೆತಲಾಂತರದಿಂದ ಹಗ್ಗ ಬೆಣೆಲೇ ಜೋಡಿಸ್ಕೊಂಡು ಬಂದಿದ್ದು. ಕೆಳಗೆ ಅಡ್ಡಕ್ಕೆ ಮೂರು ರೀಪು, ಅದರ ಮೇಲೆ ಎರಡು ಹಲಗೆ, ಹೊರಗಿನ ಎರಡು ಅಂಚಿಗೆ ಒಂದೊಂದು ಕಡ್ಡಿ ಪಟ್ಟಿ, ಇಲ್ಲಾಂದ್ರೆ ಸ್ಪ್ರೂಸ್ ಮೆತ್ತಗಿರುತ್ತಲ್ಲ ಹಗ್ಗ ಕೊರೆದುಬಿಡುತ್ತೆ. ಹಗ್ಗ ಕೆಳಗಿನ ರೀಪಿಗೂ ಹಲಗೆಗೂ ಸೇರಿ ಅಂಚಿಂದ ಅಂಚಿಗೆ ಸುತ್ತಿ ಬರ್ಬೇಕು. ಆಮೇಲೆ ಹಗ್ಗಕ್ಕೂ ಹಲಗೆಗೂ ಮಧ್ಯೆ ಬೆಣೆಗಳನ್ನ ಒಂದು ಆ ಕಡೆಯಿಂದ ಒಂದು ಈ ಕಡೆಯಿಂದ ಮೆಲ್ಲಗೆ ತಟ್ಟಿ. ಹಗ್ಗ ಬಿಗಿಯಾದಂಗೆ ಅಂಚುಗಳು ಒಳಕ್ಕೆ ಒತ್ಕೊಳುತ್ತೆ, ಅದೇ ಬೆಣೆ ಹಲಗೆನ ಕೆಳಕ್ಕೂ ಅದುಮಿ ಹಿಡಿಯುತ್ತೆ, ಮಧ್ಯ ಎದ್ದು ಬರಲ್ಲ. ನೈಲಾನ್ ಹಗ್ಗ ಎಳೆದ್ರೆ ಹಿಗ್ಗುತ್ತೆ, ಹತ್ತಿ ಹಗ್ಗ ತಗೊಳ್ಳಿ. ತೆಂಗಿನ ನಾರಿನ ಹಗ್ಗಾನೂ ನಡೆಯುತ್ತೆ, ತೆಂಗಿಗೆ ಹೆಸರಾದ ತಿಪಟೂರು ನಮ್ ಪಕ್ಕದಲ್ಲೇ ಇದೆ.

ಇನ್ನೂ ಸುಲಭ ಬೇಕಂದ್ರೆ ಟೆಂಟ್ ಥರ. ಎರಡು ಹಲಗೆ ಮಧ್ಯದಲ್ಲಿ ಜಾಯಿಂಟಿನ ಕೆಳಗೆ ಮೂರ್ನಾಲ್ಕು ಮಿಲಿಮೀಟರ್ ಕಡ್ಡಿ ಇಡಿ, ಹೊರ ಅಂಚುಗಳಿಗೆ ತಾಗಿಸಿ ಎರಡು ರೀಪನ್ನ ಬೋರ್ಡಿಗೆ ಸ್ಕ್ರೂ ಹೊಡೀರಿ. ಕಡ್ಡಿ ತೆಗೆದು, ಅಂಟು ಹಚ್ಚಿ, ಮಧ್ಯ ಕೆಳಕ್ಕೆ ಒತ್ತಿದ್ರೆ ಜಾಗ ಸಾಲದೆ ತಾನೇ ಬಿಗಿಯಾಗುತ್ತೆ. ಮೇಲೆ ಒಂದು ನೇರ ಮರದ ಪಟ್ಟಿ, ಅದರ ಮೇಲೆ ನಾಲ್ಕು ಇಟ್ಟಿಗೆ. ಯಾವ ಪದ್ಧತಿ ಆದ್ರೂ ಜಾಯಿಂಟಿನ ಕೆಳಗೂ ಮೇಲೂ ಪ್ಲಾಸ್ಟಿಕ್ ಕವರ್ ಹಾಕೋದು ಮರೀಬೇಡಿ, ಬೋರ್ಡಿಗೇ ಅಂಟ್ಕೊಂಡ್ರೆ ಟಾಪ್ ಹೋಯ್ತು.

ಬಲ ಜಾಸ್ತಿ ಬೇಡ. ಅಂಟು ಉದ್ದಕ್ಕೂ ಸಣ್ಣ ಮಣಿ ಮಣಿಯಾಗಿ ಹೊರಗೆ ಬಂದ್ರೆ ಸಾಕು. ಅಂಟು ಹಚ್ಚೋ ಮುಂಚೆ ಒಂದು ಸಲ ಒಣಗೇ ಪೂರ್ತಿ ಬಿಗಿದು ನೋಡಿ, ಬೇಸಿಗೆ ಮಧ್ಯಾಹ್ನ ಅಂಟು ಮೂರ್ನಾಲ್ಕು ನಿಮಿಷದಲ್ಲೇ ಕೆನೆ ಕಟ್ಟುತ್ತೆ, ಆಗ ಬೆಣೆ ಹುಡುಕ್ತಾ ಕೂರೋಕಾಗಲ್ಲ. ಬಿಗಿದ್ಮೇಲೆ 24 ಗಂಟೆ ಮುಟ್ಟಬೇಡಿ.

ಬೀಟೆ ಬ್ಯಾಕ್ ಅಂಟೇ ಹಿಡೀತಿಲ್ಲ, ಕೈಯಲ್ಲಿ ಬಿಚ್ಚಿ ಬಂತು.

ಬೀಟೇಲಿ ಎಣ್ಣೆ ಅಂಶ ಇದೆ, ಹತ್ರಿ ಹಾಕಿ ಬಿಟ್ರೆ ಮೇಲಕ್ಕೆ ಬಂದು ಕೂರುತ್ತೆ. ಅಂಟು ಹಚ್ಚೋ ಮುಂಚೆ ಆಗಷ್ಟೇ ಹತ್ರಿ ಹಾಕಿ, ಅಸಿಟೋನ್ ಬಟ್ಟೇಲಿ ಅಂಚು ಒರೆಸಿ, ಆರಿದ ತಕ್ಷಣ ಅಂಟು ಹಚ್ಚಿ. ಅಸಿಟೋನ್ ಹತ್ರ ಬೆಂಕಿ, ಬೀಡಿ ಬೇಡ. ಬೀಟೆ ಧೂಳು ಕೆಲವರ ಚರ್ಮಕ್ಕೆ, ಉಸಿರಿಗೆ ಆಗಿ ಬರಲ್ಲ, ಮಾಸ್ಕ್ ಹಾಕ್ಕೊಳ್ಳಿ.

ಬ್ಯಾಕಿನ ಮಧ್ಯೆ ಡಿಸೈನ್ ಪಟ್ಟಿ ಇರುತ್ತಲ್ಲ, ಅದು ಗಟ್ಟಿಗಾ?

ಹೊರಗಿನದು ಚೆಂದಕ್ಕೆ. ಗಟ್ಟಿಗೆ ಇರೋದು ಒಳಗಡೆ, ಸೌಂಡ್‌ಹೋಲಲ್ಲಿ ಇಣುಕಿದ್ರೆ ಕಾಣುತ್ತಲ್ಲ ಜಾಯಿಂಟಿನ ಮೇಲೆ 15-20 ಮಿಲಿಮೀಟರ್ ಅಗಲದ ಸ್ಪ್ರೂಸ್ ಪಟ್ಟಿ. ಅದರ ನಾರು ಅಡ್ಡಕ್ಕೆ ಇರ್ಬೇಕು, ಉದ್ದಕ್ಕೆ ಇಟ್ರೆ ಪ್ರಯೋಜನ ಇಲ್ಲ. ಟಾಪಿಗೆ ಸಾಮಾನ್ಯವಾಗಿ ಇಂಥ ಪಟ್ಟಿ ಹಾಕಲ್ಲ, ಬ್ರಿಡ್ಜು, ಅದರ ಕೆಳಗಿನ ಪ್ಲೇಟು, ಎಕ್ಸ್ ಬ್ರೇಸು ಜಾಯಿಂಟನ್ನ ಹಿಡ್ಕೊಂಡಿರುತ್ತೆ.

ಹಲಸಿನ ಹಲಗೆ ಅಗಲ ಸಾಲ್ತಿಲ್ಲ. ಮೂರು ತುಂಡು ಮಾಡ್ಬೋದಾ?

ಧಾರಾಳವಾಗಿ. ಅಮೆರಿಕದ ಮಾರ್ಟಿನ್ ಕಂಪನಿ 1965ರಲ್ಲಿ ತಂದ ಡಿ-35 ಗಿಟಾರಿಗೆ ಮೂರು ತುಂಡಿನ ಬ್ಯಾಕೇ ಇದ್ದಿದ್ದು, ಅಗಲವಾದ ಬ್ರೆಜಿಲ್ ಬೀಟೆ ಸಿಗೋದು ಕಷ್ಟ ಆಗಿ ಹಂಗೆ ಮಾಡಿದ್ರು, ಈಗ್ಲೂ ಆ ಮಾಡೆಲ್ ಇದೆ. ಎರಡು ಜಾಯಿಂಟು ಆಗುತ್ತೆ, ಮಧ್ಯದ ತುಂಡು ಬೆಣೆ ಆಕಾರದಲ್ಲಿ ಕೆಳಗೆ ಅಗಲ ಮೇಲೆ ಕಿರಿದು ಮಾಡಿದ್ರೆ ನೋಡೋಕೆ ಇನ್ನೂ ಚೆನ್ನ.

ಜೋಡಿಸಿದ್ಮೇಲೆ ದಪ್ಪ ಯಾವಾಗ ಇಳಿಸೋದು? ಜಾಯಿಂಟಲ್ಲಿ ಸಣ್ಣ ಮೆಟ್ಟಿಲು ಆಗಿದೆ.

ಅಂಟಿನ ನೀರಿಗೆ ಜಾಯಿಂಟಿನ ಅಕ್ಕಪಕ್ಕ ಮರ ಊದಿರುತ್ತೆ, ಮಾರನೇ ದಿನವೇ ಉಜ್ಜಿ ಸಪಾಟ್ ಮಾಡಿದ್ರೆ ಆಮೇಲೆ ಒಣಗಿ ಅಲ್ಲೊಂದು ಸಣ್ಣ ಹಳ್ಳ ಬೀಳುತ್ತೆ. ಮೂರ್ನಾಲ್ಕು ದಿನ, ಆದ್ರೆ ಒಂದು ವಾರ ಬಿಡಿ. ಮೆಟ್ಟಿಲು ಅರ್ಧ ಮಿಲಿಮೀಟರ್ ಇದ್ರೆ ಚಿಂತೆ ಇಲ್ಲ, ಅದಕ್ಕೇ ನಾಲ್ಕೂವರೆ ಐದು ಮಿಲಿಮೀಟರಲ್ಲಿ ಜೋಡಿಸೋದು. ಸ್ಟೀಲ್ ತಂತಿ ಗಿಟಾರಿಗೆ ಟಾಪು ಕೊನೇಲಿ ಮೂರರ ಹತ್ರ ಬರುತ್ತೆ, ಬೀಟೆ ಬ್ಯಾಕು ಎರಡೂವರೆ.

ಬಿಟ್ಟುಕೊಂಡ ಜಾಯಿಂಟಿಗೆ ಮತ್ತೆ ಅಂಟು ತುಂಬಿಸಿದ್ರೆ ಆಗಲ್ವಾ?

ಇನ್ನೂ ಬರೀ ಹಲಗೆ ಆಗಿದ್ರೆ ಅಂಟು ತುಂಬಿಸೋಕೆ ಹೋಗ್ಬೇಡಿ. ಜಾಯಿಂಟಿನ ಮೇಲೇ ಗರಗಸ ಹಾಕಿ ಎರಡು ಮಾಡಿ, ಹೊಸದಾಗಿ ಹತ್ರಿ ಹಾಕಿ, ಎರಡ್ಮೂರು ಮಿಲಿಮೀಟರ್ ಅಗಲ ಹೋಗುತ್ತೆ ಅಷ್ಟೇ. ಫೆವಿಕಾಲ್, ಹಳದಿ ಅಂಟು ಒಣಗಿದ ಜಾಗದ ಮೇಲೆ ಹೊಸ ಅಂಟು ಸರಿಯಾಗಿ ಕೂರಲ್ಲ. ನಾನು ಒಂದೇ ಟಾಪನ್ನ ಮೂರು ಸಲ ಕೊಯ್ದು ಜೋಡಿಸಿದ್ದೂ ಇದೆ, ಮೂರನೇ ಸಲ ಕಿಟಕಿಗೆ ಹಿಡಿದಾಗ ಜಾಯಿಂಟು ಎಲ್ಲಿದೆ ಅಂತ ಪೆನ್ಸಿಲ್ ಗುರುತು ನೋಡಿ ಹುಡುಕ್ಬೇಕಾಯ್ತು.

ಗಿಟಾರ್ ಆಗಿಹೋಗಿದ್ರೆ ದಾರಿ ಬೇರೆ. ಮೊದ್ಲು ತಂತಿ ಸಡಿಲ ಮಾಡಿ, ಗಿಟಾರನ್ನ ಒಂದೆರಡು ವಾರ ತೇವ ಇರೋ ಜಾಗದಲ್ಲಿಡಿ, ಕೇಸೊಳಗೆ ಒದ್ದೆ ಸ್ಪಂಜು ಸೋಪ್ ಡಬ್ಬಿಲಿ ಹಾಕಿ ಮುಚ್ಚಳಕ್ಕೆ ತೂತು ಹೊಡೆದು ಇಟ್ರೂ ಸಾಕು. ಮರ ಹಿಗ್ಗಿ ಸಂದಿ ತಾನೇ ಮುಚ್ಚೋಕೆ ಬರುತ್ತೆ, ಆಗ ಅಂಟು ಒಳಗಿಳಿಸಿ, ಒಳಗಡೆಯಿಂದ ನಾರು ಅಡ್ಡ ಇರೋ ಸಣ್ಣ ಸ್ಪ್ರೂಸ್ ಚೌಕಗಳನ್ನ ಜಾಯಿಂಟಿನ ಉದ್ದಕ್ಕೂ ಅಂಟಿಸಿ. ಒಣಗಿದ ಮಾರ್ಚಲ್ಲಿ ಸಂದಿ ತೆರೆದಿರೋವಾಗ್ಲೇ ಮರದ ಪುಡಿ ಕಲಸಿದ ಅಂಟು ತುಂಬಿಸಿದ್ರೆ ಜೂನಲ್ಲಿ ಮಳೆ ಬಂದಾಗ ಮರ ಹಿಗ್ಗೋಕೆ ಜಾಗ ಇಲ್ಲದೆ ಪಕ್ಕದಲ್ಲಿ ಉಬ್ಬುತ್ತೆ.